ನೋವಾ ನಿಂತ ಮೇಲೆ ಶಾಲೆಯ ಚಾವಣಿಯಲ್ಲಿ ಮೀಟಿಯರ್ ಚಿತ್ರ: ಹಳೆಯ ಸ್ಟೇಷನ್ ಬದಲಿಸಿದ ಹಂತಗಳು

2025ರ ಜೂನ್‌ನಲ್ಲಿ ಅಮೆರಿಕದ ಹವಾಮಾನ ಉಪಗ್ರಹ ನೋವಾ-18, ಆಗಸ್ಟ್‌ನಲ್ಲಿ ನೋವಾ-19 ಮತ್ತು ನೋವಾ-15 ಕೆಲಸ ನಿಲ್ಲಿಸಿದವು. 137 ಮೆಗಾಹರ್ಟ್ಸ್‌ನಲ್ಲಿ ಟಿಕ್ ಟಿಕ್ ಎಂದು ಕೇಳಿಸುತ್ತಿದ್ದ ಎಪಿಟಿ (ಅನಲಾಗ್ ಸಿಗ್ನಲ್‌ನ) ಚಿತ್ರಗಳ ಕಾಲ ಅಲ್ಲಿಗೆ ಮುಗಿಯಿತು. ಶಾಲೆ ಕಾಲೇಜುಗಳಲ್ಲಿ ಹವಾಮಾನ ಉಪಗ್ರಹದ ಪಾಠಕ್ಕೆಂದು ಕಟ್ಟಿದ ಸ್ಟೇಷನ್‌ಗಳನ್ನು ಬಿಚ್ಚಿ ಗುಜರಿಗೆ ಹಾಕಬೇಕಾಗಿಲ್ಲ. ರಷ್ಯಾದ ಮೀಟಿಯರ್-ಎಂ ಸರಣಿಯ ಎನ್2-3 (2023ರ ಜೂನ್ ಉಡಾವಣೆ) ಮತ್ತು ಎನ್2-4 (2024ರ ಫೆಬ್ರವರಿ) ಅದೇ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಎಲ್‌ಆರ್‌ಪಿಟಿ ಎಂಬ ಡಿಜಿಟಲ್ ಸಿಗ್ನಲ್ ಕಳಿಸುತ್ತವೆ. ಎಪಿಟಿ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ 4 ಕಿ.ಮೀ.; ಇದರಲ್ಲಿ ಉಪಗ್ರಹದ ನೇರ ಕೆಳಗೆ 1 ಕಿ.ಮೀ.

ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. ಎಪಿಟಿಯಲ್ಲಿ ಸಿಗ್ನಲ್ ಹಾಳಾದರೆ ಚಿತ್ರದಲ್ಲಿ ಚುಕ್ಕೆ ಬೀಳುತ್ತಿತ್ತು, ಆದರೂ ಮೋಡ ಕಾಣುತ್ತಿತ್ತು. ಎಲ್‌ಆರ್‌ಪಿಟಿಯಲ್ಲಿ ಹಾಗಿಲ್ಲ. ಗದ್ದಲ (ಸುತ್ತಲಿನ ವಿದ್ಯುತ್ ಉಪಕರಣಗಳಿಂದ ಬರುವ ಬೇಡದ ರೇಡಿಯೋ ಸಿಗ್ನಲ್) ಒಂದು ಮಿತಿ ದಾಟಿತೆಂದರೆ ಚಿತ್ರವೇ ಇಲ್ಲ. ಆದ್ದರಿಂದ ಈ ಕೆಲಸದ ಬಹುಪಾಲು ಗದ್ದಲ ಇಳಿಸುವುದರಲ್ಲೇ ಹೋಗುತ್ತದೆ. ಸಾಫ್ಟ್‌ವೇರ್ ಭಾಗ ಸುಲಭ.

ಬೆಂಗಳೂರಿನ ಅಂಚಿನ ಪ್ರೌಢಶಾಲೆಯೊಂದರ ಚಾವಣಿಯಲ್ಲಿ ಮಾಡಿದ ಬದಲಾವಣೆಯ ದಾಖಲೆ ಇದು.

ಹಂತ 0: ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ

ಹಳೆಯ ಸ್ಟೇಷನ್‌ನಲ್ಲಿ ಎಫ್‌ಎಂ ಸ್ಕ್ಯಾನರ್ ರೇಡಿಯೋದಿಂದ ಆಡಿಯೋ ವೈರ್ ಎಳೆದು ಕಂಪ್ಯೂಟರಿನ ಮೈಕ್ ಕಿಂಡಿಗೆ ಕೊಟ್ಟಿದ್ದರೆ, ಆ ರೇಡಿಯೋ ಇನ್ನು ಉಪಯೋಗಕ್ಕೆ ಬರುವುದಿಲ್ಲ. ಎಲ್‌ಆರ್‌ಪಿಟಿ ಸೆಕೆಂಡಿಗೆ 72,000 ಸಿಂಬಲ್ ಕಳಿಸುತ್ತದೆ, ನೂರು ಕಿಲೋಹರ್ಟ್ಸ್‌ಗೂ ಹೆಚ್ಚು ಅಗಲ ಬೇಡುತ್ತದೆ. ಅದು ಆಡಿಯೋ ದಾರಿಯಲ್ಲಿ ಹಾಯುವುದಿಲ್ಲ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್) ಇದ್ದರೆ ಅದನ್ನೇ ಮುಂದುವರಿಸಿ.

ಆಂಟೆನಾ ಉಳಿಯುತ್ತದೆ. ನೋವಾಗೆಂದು ಕಟ್ಟಿದ ಕ್ಯೂಎಫ್‌ಎಚ್ (ಸುರುಳಿಯಾಕಾರದ) ಅಥವಾ ಟರ್ನ್‌ಸ್ಟೈಲ್ (ಅಡ್ಡಡ್ಡ ಎರಡು ಡೈಪೋಲ್‌ನ) ಆಂಟೆನಾ 137.5ರ ಸುತ್ತ ಟ್ಯೂನ್ ಆಗಿರುತ್ತದೆ. ಮೀಟಿಯರ್ ಕೂಡ ಬಲಗೈ ವೃತ್ತಾಕಾರದ ಧ್ರುವೀಕರಣವನ್ನೇ ಬಳಸುತ್ತದೆ. ಒಂದು ಎಚ್ಚರಿಕೆ: ಕ್ಯೂಎಫ್‌ಎಚ್ ಸುರುಳಿಯ ಎರಡು ತುದಿಗಳು ಡಿಸಿ ಕರೆಂಟಿಗೆ ಶಾರ್ಟ್ ಆಗಿರುತ್ತವೆ. ನಡುವೆ ಎಲ್‌ಎನ್‌ಎ (ಕ್ಷೀಣ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಇಲ್ಲದೆ ಡಾಂಗಲ್‌ನ ಬಯಸ್-ಟೀ (ಕೇಬಲ್ ಮೂಲಕವೇ ಕರೆಂಟ್ ಕೊಡುವ ಸೌಲಭ್ಯ) ಆನ್ ಮಾಡಿದರೆ ಅದರ ಸಪ್ಲೈ ನೇರವಾಗಿ ಶಾರ್ಟ್ ಆಗುತ್ತದೆ.

ಈ ಚಾವಣಿಯ ಹಳೆಯ ಆಂಟೆನಾ ತುಕ್ಕು ಹಿಡಿದು ಬಿದ್ದಿತ್ತು. ಅದಕ್ಕೇ ಹೊಸದಾಗಿ ವಿ-ಡೈಪೋಲ್ (ಎರಡು ಕಡ್ಡಿಯ, ವಿ ಆಕಾರದ ಆಂಟೆನಾ) ಕಟ್ಟಬೇಕಾಯಿತು. ವೃತ್ತಾಕಾರದ ಸಿಗ್ನಲ್ಲನ್ನು ಸರಳ ಡೈಪೋಲ್‌ನಲ್ಲಿ ಹಿಡಿದರೆ 3 ಡಿಬಿ (ಅಂದರೆ ಅರ್ಧದಷ್ಟು) ನಷ್ಟ. ಮಕ್ಕಳೇ ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದಾದ ಆಂಟೆನಾಗೆ ಆ ಬೆಲೆ ಕೊಡಬಹುದು.

ಹಂತ 1: ಮೊದಲು ಗದ್ದಲ ಅಳೆಯುವುದು

ಆಂಟೆನಾಗೆ ಜಾಗ ಗೊತ್ತು ಮಾಡುವ ಮೊದಲೇ ಈ ಕೆಲಸ ಮುಗಿಸಿ. ಡಾಂಗಲ್‌ಗೆ ಯಾವುದಾದರೂ ಸಣ್ಣ ಆಂಟೆನಾ ಸಿಕ್ಕಿಸಿ, ಎಸ್‌ಡಿಆರ್++ ಎಂಬ ಸಾಫ್ಟ್‌ವೇರ್ ತೆರೆದು, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಒಂದು ಅಂಕೆಗೆ ನಿಲ್ಲಿಸಿ, ತಾನಾಗಿ ಬದಲಾಗುವ ಎಜಿಸಿ ಆಫ್ ಮಾಡಿ. 137.9ರಲ್ಲಿ ತಳದ ಗೆರೆ ಎಷ್ಟು ಡಿಬಿಯಲ್ಲಿದೆ ಎಂದು ಬರೆದುಕೊಳ್ಳಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೇ ಓಡುತ್ತಿರಲಿ. ಎರಡು ಪಿನ್ನಿನ ಚಾರ್ಜರ್ ಸಿಕ್ಕಿಸಿದ ಕೂಡಲೇ ತಳ ಮೇಲೇರುವುದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಭಾನುವಾರ ಅಥವಾ ರಜೆಯ ದಿನ ಮೇನ್ ಬೋರ್ಡಿನ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತಾ ಬನ್ನಿ. ಒಬ್ಬರು ಬೋರ್ಡಿನ ಹತ್ತಿರ, ಒಬ್ಬರು ಸ್ಕ್ರೀನಿನ ಮುಂದೆ, ಫೋನಿನಲ್ಲಿ ಮಾತಾಡುತ್ತಾ. ಕರೆಂಟ್ ಹೋಗುವ ವೇಳೆ ಗೊತ್ತಿದ್ದರೆ ಅದೂ ಒಳ್ಳೆಯ ಅವಕಾಶ: ಇಡೀ ಬಡಾವಣೆಯ ಗದ್ದಲ ಇಲ್ಲದ ತಳ ಎಷ್ಟೆಂದು ತಿಳಿಯುತ್ತದೆ, ನೀವು ಮುಟ್ಟಬೇಕಾದ ಗುರಿ ಅದೇ.

ಇಲ್ಲಿ ಸಿಕ್ಕ ತಪ್ಪಿತಸ್ಥರು ಮೂರು. ಕಾರಿಡಾರಿನ ಅಗ್ಗದ ಎಲ್‌ಇಡಿ ಟ್ಯೂಬ್‌ಗಳು, ಸಿಸಿಟಿವಿ ಕ್ಯಾಮೆರಾಗಳ ಅಡಾಪ್ಟರ್, ಆಫೀಸಿನ ಯುಪಿಎಸ್. ಟ್ಯೂಬ್‌ಗಳನ್ನು ಹಗಲಿನ ಪಾಸ್ (ಉಪಗ್ರಹ ಮೇಲೆ ಹಾದುಹೋಗುವ) ವೇಳೆ ಆರಿಸಿದರಾಯಿತು. ಸಿಸಿಟಿವಿ ಆರಿಸುವಂತಿಲ್ಲ, ಅದರ ಅಡಾಪ್ಟರ್ ವೈರಿಗೆ ಎರಡು ಕ್ಲಿಪ್ ಫೆರೈಟ್ (ವೈರಿನ ಗದ್ದಲ ತಡೆಯುವ ಕಾಂತೀಯ ಬಳೆ) ಹಾಕಿ, ವೈರನ್ನು ಪ್ರತಿಯೊಂದರಲ್ಲೂ ಎರಡು ಸುತ್ತು ಹಾಯಿಸಿದಾಗ ಗದ್ದಲ ಗಣನೀಯವಾಗಿ ಇಳಿಯಿತು. ಯುಪಿಎಸ್‌ನಿಂದ ದೂರ ಹೋಗುವುದೊಂದೇ ದಾರಿ. ಆಫೀಸಿನ ಮೇಲಿದ್ದ ಹಳೆಯ ಕಂಬ ಬಿಟ್ಟು, ಕಟ್ಟಡದ ಇನ್ನೊಂದು ತುದಿಯ ಮೆಟ್ಟಿಲು ಕೋಣೆಯ ತಾರಸಿಗೆ ಜಾಗ ಬದಲಾಯಿತು. ದುಬಾರಿ ಎಲ್‌ಎನ್‌ಎ ಕೊಡುವುದಕ್ಕಿಂತ ಹೆಚ್ಚಿನ ಲಾಭ ಈ ಸ್ಥಳಾಂತರದಿಂದಲೇ ಬಂತು. ಎಲ್‌ಎನ್‌ಎ ಗದ್ದಲವನ್ನೂ ಸಿಗ್ನಲ್ಲನ್ನೂ ಒಟ್ಟಿಗೆ ಹಿಗ್ಗಿಸುತ್ತದೆ, ಎರಡರ ನಡುವಿನ ಅಂತರ ಹಾಗೇ ಉಳಿಯುತ್ತದೆ.

ಹಂತ 2: ವಿ-ಡೈಪೋಲ್

ಬೇಕಾದದ್ದು 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕಡ್ಡಿ ಎರಡು, ಪ್ರತಿಯೊಂದೂ 53.4 ಸೆಂ.ಮೀ.; ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ದೊಡ್ಡ ಅಳತೆಯ ಕನೆಕ್ಟರ್ ಸ್ಟ್ರಿಪ್‌ನ ಎರಡು ಮನೆ; ಮುಕ್ಕಾಲು ಇಂಚಿನ ಪಿವಿಸಿ ಪೈಪು; ಒಂದು ಹಲಗೆ ಅಥವಾ ಅಕ್ರಿಲಿಕ್ ತುಂಡು. ಕಡ್ಡಿಯ ಉದ್ದದಲ್ಲಿ 1 ಸೆಂ.ಮೀ. ಹೆಚ್ಚು ಕಡಿಮೆಯಾದರೆ ಟ್ಯೂನ್ ಆದ ಜಾಗ ಸುಮಾರು 2.5 ಮೆಗಾಹರ್ಟ್ಸ್ ಸರಿಯುತ್ತದೆ. ಈ ಆಂಟೆನಾದ ಪಟ್ಟಿ ಅಗಲವಾದದ್ದರಿಂದ ಅರ್ಧ ಸೆಂ.ಮೀ. ತಪ್ಪಿಗೆ ಹೆದರಬೇಕಿಲ್ಲ.

ಎರಡು ಕಡ್ಡಿಗಳ ನಡುವಿನ ಕೋನ 120 ಡಿಗ್ರಿ. ಆ ಕೋನದಲ್ಲಿ ಆಂಟೆನಾದ ಇಂಪೆಡೆನ್ಸ್ 50 ಓಮ್‌ಗೆ ಹತ್ತಿರ ಬರುತ್ತದೆ. ಕೋನಮಾಪಕ ಹಿಡಿದು ಒದ್ದಾಡುವ ಬದಲು ತುದಿಯಿಂದ ತುದಿಗೆ ಟೇಪ್ ಹಿಡಿಯಿರಿ: ಸುಮಾರು 93 ಸೆಂ.ಮೀ. ಬಂದರೆ ಕೋನ ಸರಿ. ಒಂಬತ್ತನೆಯ ತರಗತಿಯವರಿಗೆ ಇದನ್ನು ತ್ರಿಕೋನದ ಲೆಕ್ಕವಾಗಿಯೇ ಕೊಡಬಹುದು.

ಆಂಟೆನಾ ನೆಲಕ್ಕೆ ಸಮಾನಾಂತರವಾಗಿ ಮಲಗಿರಬೇಕು. ವಿ ಆಕಾರದ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಕಡ್ಡಿಗಳ ತುದಿಗಳು ಹೆಚ್ಚುಕಡಿಮೆ ಪೂರ್ವ, ಪಶ್ಚಿಮಕ್ಕೆ ಚಾಚಿರುತ್ತವೆ. ಮೀಟಿಯರ್ ಧ್ರುವಗಳ ಹತ್ತಿರದಿಂದ ಹಾಯುವ ಕಕ್ಷೆಯಲ್ಲಿ, ಸುಮಾರು 820 ಕಿ.ಮೀ. ಎತ್ತರದಲ್ಲಿ, ಉತ್ತರ ದಕ್ಷಿಣವಾಗಿ ಸಾಗುತ್ತದೆ. ಮಲಗಿದ ಆಂಟೆನಾಗೆ ಇನ್ನೊಂದು ಗುಣವಿದೆ: ವಾಕಿಟಾಕಿ, ವಿಮಾನ ನಿಲ್ದಾಣದ ರೇಡಿಯೋ ಮುಂತಾದ ನೆಟ್ಟಗೆ ನಿಂತ ಆಂಟೆನಾಗಳ ಸಿಗ್ನಲ್ ಇದಕ್ಕೆ ಕಡಿಮೆ ತಾಗುತ್ತದೆ.

ಎತ್ತರದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಆಂಟೆನಾ ಎಷ್ಟು ಮೇಲಿದ್ದರೆ ಅಷ್ಟು ಒಳ್ಳೆಯದು ಎಂಬ ಟಿವಿ ಕಾಲದ ನಂಬಿಕೆ ಇಲ್ಲಿ ಕೈಕೊಡುತ್ತದೆ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿ ಸಿಗ್ನಲ್ಲನ್ನು ಹಿಂದಕ್ಕೆ ಎರಚುತ್ತದೆ. ನೇರ ಬಂದ ಅಲೆಯೂ ತಾರಸಿಗೆ ಬಡಿದು ಬಂದ ಅಲೆಯೂ ಕೆಲವು ಕೋನಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. 137.9ರ ಅಲೆಯ ಉದ್ದ 2.17 ಮೀಟರ್. ತಾರಸಿಯಿಂದ ಅದರ ಅರ್ಧ, ಅಂದರೆ 1.1 ಮೀಟರ್ ಎತ್ತರದಲ್ಲಿ ಆಂಟೆನಾ ಇಟ್ಟರೆ ನೆತ್ತಿಯ ಮೇಲೆಯೇ ಕುರುಡು ಜಾಗ ಬೀಳುತ್ತದೆ. 1.6 ಮೀಟರ್‌ಗೆ ಏರಿಸಿದರೆ ನೆತ್ತಿ ಸರಿಹೋಗಿ 42 ಡಿಗ್ರಿಯ ಸುತ್ತ ಕುರುಡಾಗುತ್ತದೆ. ಎರಡೂ ಎತ್ತರಗಳಲ್ಲಿ ಚಿತ್ರದ ನಡುವೆ ಕಪ್ಪು ಪಟ್ಟಿ ಬಿತ್ತು, ಉಪಗ್ರಹ ಆ ಕೋನಕ್ಕೆ ಬಂದ ಹೊತ್ತಿಗೇ ಸರಿಯಾಗಿ. 75 ಸೆಂ.ಮೀ. ಎತ್ತರದಲ್ಲಿ ಎಲ್ಲೂ ಪೂರ್ತಿ ಕುರುಡಿಲ್ಲ, 20 ಡಿಗ್ರಿಯಲ್ಲೂ ಸಾಕಷ್ಟು ಬಲವಿದೆ. ಮೆಟ್ಟಿಲು ಕೋಣೆಯ ತಾರಸಿಗೆ ಪ್ಯಾರಪೆಟ್ ಇಲ್ಲದ್ದರಿಂದ ಇಷ್ಟು ತಗ್ಗಿನಲ್ಲಿಟ್ಟರೂ ದಿಗಂತ ಸಿಕ್ಕಿತು. ಅಂಥ ಜಾಗಕ್ಕೆ ಮಕ್ಕಳು ಹತ್ತಬಾರದು. ಜೋಡಣೆ ಕೆಳಗೆ, ಏರಿಸುವ ಕೆಲಸ ದೊಡ್ಡವರದು.

ಹಂತ 3: ಕೇಬಲ್ ಮತ್ತು ಜೋಡಣೆ

ಡಿಶ್ ಟಿವಿಗೆ ಬಳಸುವ ಆರ್‌ಜಿ-6 ಕೇಬಲ್ ಸಾಕು. ಅದು 75 ಓಮ್, ಡಾಂಗಲ್ 50 ಓಮ್ ಎಂದು ಚಿಂತೆ ಬೇಡ. ಆ ಹೊಂದಾಣಿಕೆಯ ನಷ್ಟ 0.2 ಡಿಬಿಯನ್ನೂ ಮುಟ್ಟುವುದಿಲ್ಲ. 20 ಮೀಟರ್ ಆರ್‌ಜಿ-6ರಲ್ಲಿ ಸುಮಾರು ಒಂದೂವರೆ ಡಿಬಿ ಹೋಗುತ್ತದೆ. ಅದೇ ಉದ್ದದ, ತೆಳ್ಳಗಿನ ಆರ್‌ಜಿ-58ರಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು. 50 ಓಮ್ ಬೇಕೆಂದು ಹುಡುಕಿ ಆರ್‌ಜಿ-58 ತರುವುದು ದುಡ್ಡು ಕೊಟ್ಟು ನಷ್ಟ ಕೊಂಡ ಹಾಗೆ.

ಕೇಬಲ್‌ನ ನಡುತಂತಿ ಒಂದು ಕಡ್ಡಿಗೆ, ಹೊರ ಜಾಲರಿ ಇನ್ನೊಂದಕ್ಕೆ. ಎಡ ಬಲ ಯಾವುದಾದರೂ ಆಗಬಹುದು. ಜೋಡಣೆಯ ಕೆಳಗೇ ಕೇಬಲ್ಲನ್ನು 12 ಸೆಂ.ಮೀ. ವ್ಯಾಸದಲ್ಲಿ ಐದು ಸುತ್ತು ಸುತ್ತಿ ಟೈ ಹಾಕಿ. ಈ ಸುರುಳಿ ಇಲ್ಲದಿದ್ದರೆ ಕೇಬಲ್‌ನ ಹೊರಮೈಯೂ ಆಂಟೆನಾದ ಭಾಗವಾಗಿ, ಕಟ್ಟಡದೊಳಗಿನ ಗದ್ದಲವನ್ನೆಲ್ಲ ಹೊತ್ತು ಮೇಲಕ್ಕೆ ತರುತ್ತದೆ.

ತಾಮ್ರವೂ ಅಲ್ಯೂಮಿನಿಯಮ್ಮೂ ನೇರ ತಾಗಿದ ಕಡೆ ಮೊದಲ ಮಳೆಗಾಲದಲ್ಲೇ ಬಿಳಿಪುಡಿ ಕೂರುತ್ತದೆ. ಮೀಟರ್‌ನಲ್ಲಿ ನೋಡಿದರೆ ಸಂಪರ್ಕ ಇದೆ ಅನ್ನಿಸುತ್ತದೆ, ಗಾಳಿಗೆ ಅಲುಗಿದಾಗ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ತಾಮ್ರದ ತುದಿಗೆ ತವರ ಲೇಪಿಸಿದ ಲಗ್ ಒತ್ತಿ, ಕಡ್ಡಿಯ ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ, ಪೆಟ್ರೋಲಿಯಂ ಜೆಲ್ಲಿ ಸವರಿ, ಸ್ಕ್ರೂ ಬಿಗಿದ ಮೇಲೆ ಸಿಲಿಕೋನ್‌ನಲ್ಲಿ ಮುಚ್ಚಿ. ಕೇಬಲ್ ಕಟ್ಟಡದೊಳಕ್ಕೆ ಹೋಗುವ ಕಡೆ ಒಂದು ಬಾಗು ಕೆಳಗೆ ಜೋತು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಹಂತ 4: ಎಫ್‌ಎಂ ಸ್ಟೇಷನ್‌ಗಳ ಕಾಟ

ಮೊದಲ ಪಾಸ್‌ನಲ್ಲಿ ವಾಟರ್‌ಫಾಲ್ (ಸ್ಕ್ರೀನಿನಲ್ಲಿ ಸಿಗ್ನಲ್‌ಗಳನ್ನು ಬಣ್ಣದಲ್ಲಿ ತೋರಿಸುವ ಓಡುವ ಚಿತ್ರ) ತುಂಬ ನಿಜವಾಗಿ ಇಲ್ಲದ ಸಿಗ್ನಲ್‌ಗಳು ಕಂಡವು. ಗೇನ್ ಕಡಿಮೆ ಮಾಡಿದರೆ ಅವು ಮಾಯ. ಹೊರಗಿನ ಬಲವಾದ ಸಿಗ್ನಲ್ ಡಾಂಗಲ್ಲನ್ನು ತುಂಬಿ ಉಕ್ಕಿಸುತ್ತಿದೆ ಎಂಬುದಕ್ಕೆ ಇದೇ ಲಕ್ಷಣ. ಬೆಂಗಳೂರಿನಲ್ಲಿ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಆಕಾಶವಾಣಿಯ 101.3 ಮತ್ತು 102.9, ಜೊತೆಗೆ ಸಾಲು ಸಾಲು ಖಾಸಗಿ ಎಫ್‌ಎಂ.

ಎಲ್‌ಎನ್‌ಎ ಹಾಕಿದರೆ ಸರಿಹೋಗಬಹುದೆಂದು ಫಿಲ್ಟರ್ ಇಲ್ಲದ ಅಗ್ಗದ, ಎಲ್ಲ ಪಟ್ಟಿಗೂ ಆಗುವ ಎಲ್‌ಎನ್‌ಎ ಒಂದನ್ನು ಹಾಕಿ ನೋಡಲಾಯಿತು. ಸ್ಥಿತಿ ಇನ್ನೂ ಕೆಟ್ಟಿತು. ನಗರದಲ್ಲಿ ಆ ಬಗೆಯ ಎಲ್‌ಎನ್‌ಎಗೆ ದುಡ್ಡು ಹಾಕಬೇಡಿ.

ಎರಡು ಮದ್ದು ಕೆಲಸ ಮಾಡಿದವು. ಮೊದಲನೆಯದಕ್ಕೆ ಹೆಚ್ಚು ಖರ್ಚಿಲ್ಲ: ಉಳಿದ ಆರ್‌ಜಿ-6ರ ಒಂದು ತುಂಡನ್ನು ಟಿ ಕನೆಕ್ಟರ್‌ನಲ್ಲಿ ಕೇಬಲ್‌ಗೆ ಅಡ್ಡ ಜೋಡಿಸಿ, ಇನ್ನೊಂದು ತುದಿ ತೆರೆದು ಬಿಡುವುದು. ಕಾಲು ಅಲೆಯ ಉದ್ದದ ತೆರೆದ ತುಂಡು ಆ ಫ್ರೀಕ್ವೆನ್ಸಿಯನ್ನು ಶಾರ್ಟ್ ಮಾಡಿ ನುಂಗುತ್ತದೆ. 101.3ಕ್ಕೆ ಗಾಳಿಯಲ್ಲಿ ಕಾಲು ಅಲೆ 74 ಸೆಂ.ಮೀ.; ಫೋಮ್ ತುಂಬಿದ ಆರ್‌ಜಿ-6ರಲ್ಲಿ ಅದು ಸುಮಾರು 61 ಸೆಂ.ಮೀ. ಆಗುತ್ತದೆ. ಕೇಬಲ್‌ನಿಂದ ಕೇಬಲ್‌ಗೆ ಇದು ಬದಲಾಗುವುದರಿಂದ 64ಕ್ಕೆ ಕತ್ತರಿಸಿ, 101.3ರ ಎತ್ತರ ನೋಡುತ್ತಾ ಅರ್ಧರ್ಧ ಸೆಂ.ಮೀ. ತುಂಡರಿಸುತ್ತಾ ಬನ್ನಿ, ಅತಿ ಕೆಳಗಿಳಿದಾಗ ನಿಲ್ಲಿಸಿ. 137.9ರಲ್ಲಿ ಇದರಿಂದ ಸುಮಾರು 1 ಡಿಬಿ ಹೋಗುತ್ತದೆ, ಒಪ್ಪಬಹುದಾದ ನಷ್ಟ. ಟಿ ಬದಲು ಕೇಬಲ್ ಟಿವಿಯ ಸ್ಪ್ಲಿಟ್ಟರ್ ಹಾಕಿದರೆ ಈ ತಂತ್ರ ನಡೆಯುವುದಿಲ್ಲ. ಅದರ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ.

ಎರಡನೆಯದು 137 ಮೆಗಾಹರ್ಟ್ಸ್‌ನ ಸಾ (SAW) ಫಿಲ್ಟರ್, ಅಂದರೆ ಆ ಪಟ್ಟಿಯನ್ನಷ್ಟೇ ಒಳಬಿಡುವ ಜರಡಿ, ಒಳಗೇ ಇರುವ ಎಲ್‌ಎನ್‌ಎ. ಇದನ್ನು ಆಂಟೆನಾದ ಹತ್ತಿರವೇ, ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್‌ನಲ್ಲಿ ಕೂರಿಸಿ, ಡಾಂಗಲ್‌ನ ಬಯಸ್-ಟೀಯಿಂದ ಕರೆಂಟ್ ಕೊಡಬೇಕು. ಕೆಲವು ಮಾಡೆಲ್‌ಗಳಲ್ಲಿ ಫಿಲ್ಟರ್ ಇರುವುದು ಮೊದಲ ಆಂಪ್ಲಿಫೈಯರ್ ದಾಟಿದ ಮೇಲೆ. ಹಾಗಿದ್ದಾಗ ಆ ಮೊದಲ ಆಂಪ್ಲಿಫೈಯರೇ ಎಫ್‌ಎಂನಿಂದ ಉಕ್ಕುತ್ತದೆ. ಅದಕ್ಕೇ ಕೇಬಲ್ ತುಂಡನ್ನು ತೆಗೆಯದೆ, ಆಂಟೆನಾ ಮತ್ತು ಎಲ್‌ಎನ್‌ಎ ನಡುವೆ ಉಳಿಸಿಕೊಳ್ಳಲಾಗಿದೆ. ಎಫ್‌ಎಂ ದುರ್ಬಲವಾಗಿರುವ ಹಳ್ಳಿ ಶಾಲೆಗಳಲ್ಲಿ, ಕೇಬಲ್ 10 ಮೀಟರ್ ಒಳಗಿದ್ದರೆ, ಎಲ್‌ಎನ್‌ಎ ಇಲ್ಲದೆಯೂ ಚಿತ್ರ ಬರುತ್ತದೆ. ಮೊದಲು ಹಾಗೇ ನೋಡಿ, ಆಮೇಲೆ ಕೊಳ್ಳಿ.

ಹಂತ 5: ಸಾಫ್ಟ್‌ವೇರ್

ಸಿಗ್ನಲ್ ಹಿಡಿಯುವುದಕ್ಕೂ ಅದನ್ನು ಚಿತ್ರವಾಗಿ ಬಿಡಿಸುವುದಕ್ಕೂ ಸ್ಯಾಟ್‌ಡಂಪ್, ಪಾಸ್ ವೇಳೆ ತಿಳಿಯಲು ಜಿಪ್ರೆಡಿಕ್ಟ್. ಎರಡೂ ಉಚಿತ. ಕಕ್ಷೆಯ ಪಟ್ಟಿಯಲ್ಲಿ ಎನ್2-3ರ ಸಂಖ್ಯೆ 57166, ಎನ್2-4ರದು 59051.

ವಿಂಡೋಸ್‌ನಲ್ಲಿ ಮೊದಲು ಝಾಡಿಗ್ ಎಂಬ ಸಾಫ್ಟ್‌ವೇರ್‌ನಿಂದ ಡಾಂಗಲ್‌ನ ಡ್ರೈವರ್ ಬದಲಿಸಬೇಕು. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನ ವಿ4 ಡಾಂಗಲ್ ಆದರೆ ಅದರದೇ ಹೊಸ ಡ್ರೈವರ್ ಬೇಕು. ಹಳೆಯ ಡ್ರೈವರ್‌ನಲ್ಲಿ ಅದು ಚಾಲೂ ಆಗುತ್ತದೆ, ಸ್ಕ್ರೀನ್ ಓಡುತ್ತದೆ, ಸಿಗ್ನಲ್ ಮಾತ್ರ ಇರುವುದಿಲ್ಲ. ಆಂಟೆನಾ ಬಿಚ್ಚಿ ಕಟ್ಟುವ ಮೊದಲು ಇದನ್ನು ಪರೀಕ್ಷಿಸಿ.

ಸ್ಯಾಟ್‌ಡಂಪ್‌ನ ರೆಕಾರ್ಡರ್‌ನಲ್ಲಿ ಸ್ಯಾಂಪಲ್ ರೇಟ್ 1.024 ಮೆಗಾ, ಫ್ರೀಕ್ವೆನ್ಸಿ 137.9, ಪೈಪ್‌ಲೈನ್ (ಬಿಡಿಸುವ ಕ್ರಮ) ಮೀಟಿಯರ್ ಎಂ2-ಎಕ್ಸ್ ಎಲ್‌ಆರ್‌ಪಿಟಿ 72ಕೆ. 80ಕೆ ಎಂಬ ಇನ್ನೊಂದು ಆಯ್ಕೆಯೂ ಇದೆ. ಅದು ಉಪಗ್ರಹ ಬೇರೆ ಕ್ರಮದಲ್ಲಿ ಕಳಿಸುವಾಗ ಮಾತ್ರ. ಉಪಗ್ರಹಗಳು 137.9 ಮತ್ತು 137.1ರ ನಡುವೆ ಜಾಗ ಬದಲಿಸುವುದೂ ಉಂಟು. ಅದಕ್ಕೆ ಪಾಸ್ ಶುರುವಾಗುವ ಮುನ್ನ 137.5ನ್ನು ನಡುವೆ ಇಟ್ಟು 2.4 ಮೆಗಾ ರೇಟ್‌ನಲ್ಲಿ ಎರಡೂ ಕಡೆ ನೋಡಿ, ಎಲ್ಲಿ ಉಬ್ಬು ಏಳುತ್ತದೋ ಅಲ್ಲಿಗೆ ಹೋಗಿ. ಉಪಗ್ರಹದ ವೇಗದಿಂದಾಗುವ ಡಾಪ್ಲರ್ ಪರಿಣಾಮದಿಂದ ಫ್ರೀಕ್ವೆನ್ಸಿ ಸುಮಾರು 3 ಕಿಲೋಹರ್ಟ್ಸ್ ಆಚೀಚೆ ಸರಿಯುತ್ತದೆ, ಅದನ್ನು ಸಾಫ್ಟ್‌ವೇರ್ ತಾನೇ ಹಿಂಬಾಲಿಸುತ್ತದೆ.

ಗೇನ್ ಹೀಗೆ ಇಡಿ: ಸೊನ್ನೆಯಿಂದ ಏರಿಸುತ್ತಾ ಹೋಗಿ, ತಳದ ಗೆರೆ ಮೇಲೇಳಲು ಶುರುವಾದ ಜಾಗದಿಂದ ಒಂದೆರಡು ಮೆಟ್ಟಿಲು ಮಾತ್ರ ಮುಂದೆ. ಗರಿಷ್ಠಕ್ಕೆ ಒಯ್ದರೆ ಚಿತ್ರ ಒಳ್ಳೆಯದಾಗುವುದಿಲ್ಲ.

ನೇರ ಬಿಡಿಸುವುದರ ಜೊತೆಗೆ ಬೇಸ್‌ಬ್ಯಾಂಡ್ (ಬಿಡಿಸುವ ಮೊದಲಿನ ಕಚ್ಚಾ ಸಿಗ್ನಲ್) ಕೂಡ ಉಳಿಸಿಕೊಂಡರೆ ಆಮೇಲೆ ಬೇರೆ ಸೆಟ್ಟಿಂಗ್‌ನಲ್ಲಿ ಮತ್ತೆ ಪ್ರಯತ್ನಿಸಬಹುದು. ಅದು 8 ಬಿಟ್‌ನಲ್ಲಿ ಸೆಕೆಂಡಿಗೆ 2 ಎಂಬಿ ನುಂಗುತ್ತದೆ, 12 ನಿಮಿಷಕ್ಕೆ ಒಂದೂವರೆ ಜಿಬಿ. ಬಿಡಿಸಿದ ಡೇಟಾ ಮಾತ್ರ ಆದರೆ ಏಳು ಎಂಬಿ ಕೂಡ ದಾಟುವುದಿಲ್ಲ. ಶಾಲೆಯ ಹಳೆಯ ಕಂಪ್ಯೂಟರಿನ ಡಿಸ್ಕ್ ತುಂಬಿ ಪಾಸ್ ನಡುವೆ ನಿಂತುಬಿಡುವುದು ಸಾಮಾನ್ಯ. ವಾರಕ್ಕೊಮ್ಮೆ ಬೇಸ್‌ಬ್ಯಾಂಡ್ ಅಳಿಸುವುದನ್ನು ಒಬ್ಬ ವಿದ್ಯಾರ್ಥಿಯ ಹೊಣೆಯಾಗಿಸಿ.

ಹಂತ 6: ಪಾಸ್ ನಡೆಯುವಾಗ ಏನು ನೋಡಬೇಕು

ಗರಿಷ್ಠ ಕೋನ 40 ಡಿಗ್ರಿಗಿಂತ ಮೇಲಿರುವ, ಎನ್2-4ರ ಪಾಸ್‌ನಿಂದ ಆರಂಭಿಸಿ. ಎನ್2-3ರ 137 ಮೆಗಾಹರ್ಟ್ಸ್ ಆಂಟೆನಾ ಕಕ್ಷೆಯಲ್ಲಿ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಅದರ ಸಿಗ್ನಲ್ ಕ್ಷೀಣ, ನಡುನಡುವೆ ಕುಸಿಯುತ್ತದೆ. ಅದನ್ನಿಟ್ಟುಕೊಂಡು ಹೊಸ ಆಂಟೆನಾ ಪರೀಕ್ಷಿಸಿದರೆ ಇಲ್ಲದ ದೋಷ ಹುಡುಕುತ್ತಾ ಕೂರಬೇಕಾಗುತ್ತದೆ.

ಸ್ಯಾಟ್‌ಡಂಪ್ ತೋರಿಸುವ ಚುಕ್ಕೆಗಳ ಚಿತ್ರದಲ್ಲಿ ನಾಲ್ಕು ಗುಂಪು ಬೇರೆಬೇರೆ ಆಗುತ್ತಿದ್ದಂತೆ ವಿಟರ್ಬಿ (ದೋಷ ತಿದ್ದುವ ಭಾಗ), ಡೀಫ್ರೇಮರ್ (ಡೇಟಾ ತುಂಡುಗಳನ್ನು ಗುರುತಿಸುವ ಭಾಗ) ಎರಡೂ ಹಸಿರಾಗುತ್ತವೆ. ವಿಟರ್ಬಿ ಹಸಿರಿದ್ದು ಡೀಫ್ರೇಮರ್ ಕೆಂಪಾಗಿಯೇ ಉಳಿದರೆ ಮೊದಲು ಪೈಪ್‌ಲೈನ್ ಆಯ್ಕೆ ನೋಡಿ. ನೆತ್ತಿಯ ಮೇಲಿನ ಪಾಸ್‌ನಲ್ಲಿ ಉಪಗ್ರಹ 10 ಡಿಗ್ರಿಗಿಂತ ಮೇಲೆ 11 ನಿಮಿಷದಷ್ಟು ಇರುತ್ತದೆ. ಅಷ್ಟರಲ್ಲಿ ಹಿಮಾಲಯದಿಂದ ಭೂಮಧ್ಯ ರೇಖೆಯ ದಕ್ಷಿಣದವರೆಗಿನ ಪಟ್ಟಿ, 2,800 ಕಿ.ಮೀ. ಅಗಲಕ್ಕೆ, ಕೈಗೆ ಬರುತ್ತದೆ.

ದೋಷವನ್ನು ಚಿತ್ರದಲ್ಲೇ ಓದಬಹುದು. ಒಂದು ಸಾಲಿನಲ್ಲಿ 1,568 ಪಿಕ್ಸೆಲ್. ಒಂದು ಪ್ಯಾಕೆಟ್‌ನಲ್ಲಿ 112 ಪಿಕ್ಸೆಲ್ ಅಗಲ, 8 ಸಾಲು ಎತ್ತರದ ತುಂಡು ಬರುತ್ತದೆ. ಅಂಥ 14 ತುಂಡು ಸೇರಿದರೆ ಒಂದು ಪೂರ್ತಿ ಪಟ್ಟಿ. ಅಲ್ಲೊಂದು ಇಲ್ಲೊಂದು ತುಂಡು ಕಪ್ಪಾದರೆ ಸ್ವಿಚ್ ಕಿಡಿಯಂಥ ಕ್ಷಣಿಕ ಗದ್ದಲ. ಇಡೀ ಪಟ್ಟಿಗಳೇ ಹೋದರೆ ಆಂಟೆನಾದ ಕುರುಡು ಜಾಗ ಅಥವಾ ಮರದ ಮರೆ. ಪಾಸ್ ಉದ್ದಕ್ಕೂ ಸಮನಾಗಿ ತುಂಡುಗಳು ಕಾಣೆಯಾದರೆ ತಳದ ಗದ್ದಲವೇ ಹೆಚ್ಚು, ಹಂತ 1ಕ್ಕೆ ಮರಳಿ.

ದಕ್ಷಿಣದಿಂದ ಉತ್ತರಕ್ಕೆ ಹೋಗುವ ಪಾಸ್‌ನ ಚಿತ್ರ ತಲೆಕೆಳಗಾಗಿರುತ್ತದೆ, 180 ಡಿಗ್ರಿ ತಿರುಗಿಸಿ. ನಕ್ಷೆಯ ಗೆರೆ ಕರಾವಳಿಯ ಮೇಲೆ ಕೂರದಿದ್ದರೆ ಕಂಪ್ಯೂಟರಿನ ಗಡಿಯಾರ ನೋಡಿ. ಒಂದು ಸೆಕೆಂಡ್ ತಪ್ಪಿಗೆ ನಕ್ಷೆ ಆರೂವರೆ ಕಿ.ಮೀ. ಸರಿಯುತ್ತದೆ. ಕಕ್ಷೆಯ ಪಟ್ಟಿಯನ್ನೂ ವಾರದೊಳಗೆ ಹೊಸದು ಮಾಡಿರಬೇಕು.

ಹಂತ 7: ತರಗತಿಗೆ ತರುವುದು

ಚಿತ್ರ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದರೆ ಪಾಠ ಆಗುವುದಿಲ್ಲ. ಪ್ರತಿ ಪಾಸ್‌ಗೂ ಒಂದು ಹಾಳೆ: ದಿನಾಂಕ, ಉಪಗ್ರಹ, ಗರಿಷ್ಠ ಕೋನ, ಗೇನ್, ತಳದ ಗದ್ದಲ, ಸಿಗ್ನಲ್ ಗರಿಷ್ಠ ಎಷ್ಟು, ಸಿಂಕ್ ಆದ ವೇಳೆ, ಹೋದ ವೇಳೆ, ಕಾಣೆಯಾದ ತುಂಡುಗಳ ಎಣಿಕೆ. ಇದನ್ನು ಮಕ್ಕಳೇ ತುಂಬಬೇಕು. ಆಂಟೆನಾ ಎತ್ತರ ಬದಲಿಸಿದಾಗ ಏನಾಯಿತು ಎಂಬುದಕ್ಕೆ ಉತ್ತರ ಈ ಹಾಳೆಗಳಲ್ಲೇ ಸಿಗುತ್ತದೆ, ಶಿಕ್ಷಕರು ಹೇಳಬೇಕಾಗುವುದಿಲ್ಲ.

ಮೀಟಿಯರ್‌ನ ಕ್ಯಾಮೆರಾಗೆ ಆರು ಚಾನಲ್; ಎಲ್‌ಆರ್‌ಪಿಟಿಯಲ್ಲಿ ಒಮ್ಮೆಗೆ ಮೂರು ಬರುತ್ತವೆ. ಹಗಲಿನಲ್ಲಿ 1, 2, 3 ಬಂದರೆ 321 ಎಂಬ ಜೋಡಣೆ (ಕೆಂಪಿಗೆ 3, ಹಸಿರಿಗೆ 2, ನೀಲಿಗೆ 1) ಮಾಡಿಸಿ. 3ನೆಯ ಚಾನಲ್ 1.6 ಮೈಕ್ರಾನ್‌ನದು, ಅಲ್ಲಿ ಮಂಜುಗಡ್ಡೆ ಬೆಳಕನ್ನು ಹೀರುತ್ತದೆ. ಹಾಗಾಗಿ ಎತ್ತರದ ಹಿಮಕಣದ ಮೋಡ ತಿಳಿ ನೀಲಿ-ಹಸಿರಾಗಿ, ಕೆಳಗಿನ ನೀರಹನಿಯ ಮೋಡ ಬಿಳಿಯಾಗಿ ಕಾಣುತ್ತದೆ. ಮೇ ತಿಂಗಳ ಮಧ್ಯಾಹ್ನದ ಗುಡುಗು ಮೋಡದ ನೆತ್ತಿಯನ್ನು ಜೂನ್‌ನಲ್ಲಿ ಘಟ್ಟಕ್ಕೆ ಆತು ನಿಂತ ಮುಂಗಾರು ಮೋಡದ ಜೊತೆಗಿಟ್ಟು ತೋರಿಸಿ. ರಾತ್ರಿ ಪಾಸ್‌ಗೆ ಉಷ್ಣದ ಚಾನಲ್ ಒಂದೇ ಗತಿ.

ಅದೇ ವೇಳೆಯ ಇನ್ಸಾಟ್ ಚಿತ್ರವನ್ನು ಇಸ್ರೋದ ಮೋಸ್ಡ್ಯಾಕ್ ತಾಣದಿಂದ ಇಳಿಸಿಕೊಳ್ಳಿ. 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತಿದ್ದು ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತದೆ. ಇನ್ಸಾಟ್‌ಗಳನ್ನು ನಿಯಂತ್ರಿಸುವುದು ನಮ್ಮ ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನಿಂದ. ಇನ್ಸಾಟ್-3ಡಿಎಸ್‌ನ ಉಷ್ಣ ಚಿತ್ರದ ಪಿಕ್ಸೆಲ್ 4 ಕಿ.ಮೀ., ಮೀಟಿಯರ್‌ನದು 1 ಕಿ.ಮೀ. ಎರಡನ್ನೂ ಪಕ್ಕಪಕ್ಕ ಇಟ್ಟು ಶ್ರೀಲಂಕಾದ ಕರಾವಳಿ ಹುಡುಕಲು ಹೇಳಿ. ಒಂದು ಹತ್ತಿರದಿಂದ ದಿನಕ್ಕೆ ಕೆಲವೇ ಸಲ ನೋಡುತ್ತದೆ, ಇನ್ನೊಂದು ದೂರದಿಂದ ಸದಾ ನೋಡುತ್ತದೆ. ಚಂಡಮಾರುತದ ದಾರಿ ಹಿಡಿಯಲು ಎರಡನೆಯದೇ ಬೇಕು ಎಂದು ಮಕ್ಕಳೇ ತೀರ್ಮಾನಕ್ಕೆ ಬರುತ್ತಾರೆ.

ಖರ್ಚು (ಸುಮಾರು)

1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ನಿಖರತೆಯ ಡಾಂಗಲ್ 4,500 ರೂ.
ಸಾ ಫಿಲ್ಟರ್ ಇರುವ ಎಲ್‌ಎನ್‌ಎ 4,000
ಆರ್‌ಜಿ-6, 20 ಮೀಟರ್ 500
ಕನೆಕ್ಟರ್, ಟಿ, ಅಡಾಪ್ಟರ್ 400
ಕಡ್ಡಿ, ಪೈಪು, ಕ್ಲ್ಯಾಂಪ್ 450
ಫೆರೈಟ್ ಕ್ಲಿಪ್ 300
ಸಿಲಿಕೋನ್, ಜೆಲ್ಲಿ, ಟೇಪ್ 200
ಒಟ್ಟು 10,350 ರೂ.

ಎಲ್‌ಎನ್‌ಎ ಬಿಟ್ಟರೆ ಆರೂವರೆ ಸಾವಿರದೊಳಗೆ ಮುಗಿಯುತ್ತದೆ. ಡಾಂಗಲ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ನಿಖರತೆ 50 ಪಿಪಿಎಂ ಆಚೀಚೆ ಇರುವ ಅಗ್ಗದ ಡಾಂಗಲ್ 137.9ರಲ್ಲಿ 7 ಕಿಲೋಹರ್ಟ್ಸ್‌ವರೆಗೆ ತಪ್ಪು ತೋರಿಸಬಹುದು, ಬಿಸಿಯಾದಂತೆ ಇನ್ನೂ ಸರಿಯುತ್ತದೆ.

ಬಾಕಿ ಉಳಿದದ್ದು

ಎನ್2-3ರ ಪಾಸ್‌ಗಳಲ್ಲಿ ಪಟ್ಟಿ ಹೋಗುವುದು ನಿಂತಿಲ್ಲ. ಮುಂದಿನ ಪ್ರಯತ್ನ ಕ್ಯೂಎಫ್‌ಎಚ್. ಎರಡು ಆಂಟೆನಾಗಳನ್ನೂ ಒಂದೇ ಪಾಸ್‌ನಲ್ಲಿ ಎರಡು ಡಾಂಗಲ್‌ಗಳಿಂದ ಹಿಡಿದು, ಕಾಣೆಯಾದ ತುಂಡುಗಳನ್ನು ಎಣಿಸಿ ಹೋಲಿಸಬೇಕು. ಮುಂಗಾರು ಪೂರ್ವದ ಗುಡುಗಿನ ದಿನಗಳಲ್ಲಿ ಮಧ್ಯಾಹ್ನದ ಪಾಸ್ ಮುಗಿದ ಕೂಡಲೇ ಡಾಂಗಲ್‌ನಿಂದ ಕೇಬಲ್ ಬಿಚ್ಚಿ ಕಿಟಕಿಯ ಹೊರಗಿಡುವ ಕೆಲಸ ಕಾವಲುಗಾರರಿಗೂ ತಿಳಿಸಲಾಗಿದೆ. ಆಂಟೆನಾ ಕಂಬಕ್ಕೆ ಅರ್ತಿಂಗ್ ಕೊಡುವುದು ಇನ್ನೂ ಆಗಬೇಕು, ಜೂನ್‌ಗೆ ಮೊದಲು.